ಟ್ರ್ಯಾಕ್ ಚಕ್ರ ರಸ್ತೆಗಿಳಿಸುವ ಮುನ್ನ

ಸೈಕಲ್ ತುಳಿಯುವಾಗ ಕಾಲು ನಿಲ್ಲಿಸಿದರೆ ಅದು ತಾನಾಗಿ ಉರುಳಿಕೊಂಡು ಹೋಗುತ್ತದೆ. ಚಿಕ್ಕಂದಿನಿಂದ ನಮಗೆ ಅದೇ ಅಭ್ಯಾಸ. ಟ್ರ್ಯಾಕ್ ಸೈಕಲ್‌ನಲ್ಲಿ, ಅಂದರೆ ಟ್ರ್ಯಾಕ್ ರೇಸಿಗೆಂದೇ ಮಾಡಿದ ಸೈಕಲ್‌ನಲ್ಲಿ, ಹಾಗಿಲ್ಲ. ಅದರಲ್ಲಿ ಫ್ರೀವೀಲ್, ಅಂದರೆ ಕಾಲು ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಭಾಗ, ಇಲ್ಲ. ಹಿಂದಿನ ಹಲ್ಲಿನ ಚಕ್ರ, ಅಂದರೆ ಕಾಗ್, ಚಕ್ರದ ನಡುವಿನ ಹಬ್‌ಗೇ ನೇರವಾಗಿ ಕಚ್ಚಿಕೊಂಡಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಪೆಡಲ್ ಜೊತೆಗೆ ನಿಮ್ಮ ಕಾಲೂ. ಇಳಿಜಾರಿನಲ್ಲೂ ಅಷ್ಟೇ. ಬ್ರೇಕ್ ಅಂತೂ ಇರುವುದೇ ಇಲ್ಲ. ವೆಲೊಡ್ರೋಮ್‌ನಲ್ಲಿ, ಅಂದರೆ ಸೈಕಲ್ ರೇಸಿನ ಟ್ರ್ಯಾಕ್‌ನಲ್ಲಿ, ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಮುಂದಿನವರು ಗಕ್ಕನೆ ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಮೈಮೇಲೆ ಬೀಳುತ್ತಾರೆ. ಬ್ರೇಕ್ ಬೇಡ ಅಂದಿದ್ದು ಅದಕ್ಕೇ. ನಮ್ಮ ರಸ್ತೆಯಲ್ಲಿ ನಾಯಿ ಇದೆ, ಆಟೋ ಇದೆ, ಹಿಂದೆ ನೋಡದೆ ಬಾಗಿಲು ತೆಗೆಯುವ ಕಾರಿದೆ.

ಹಾಗಿದ್ದರೂ ರಸ್ತೆಯ ಸೈಕಲ್‌ಗೆ ಈ ಚಕ್ರಗಳೇ ಬೇಕು ಅನ್ನುವವರಿದ್ದಾರೆ. ಅದಕ್ಕೆ ಒಳ್ಳೆಯ ಕಾರಣವೂ ಇದೆ. ಗೇರ್ ಇರುವ ಹಿಂದಿನ ಚಕ್ರದಲ್ಲಿ ಬಲಗಡೆ ಏಳೆಂಟೋ ಹತ್ತೋ ಹಲ್ಲುಚಕ್ರಗಳು ಕೂರಬೇಕು. ಹಾಗಾಗಿ ಆ ಕಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಬಿಗಿಯಾಗಿ ನಿಲ್ಲುತ್ತವೆ. ಎಡಗಡೆಯವು ಸಡಿಲ. ಚಕ್ರ ಬೆಂಡಾಗುವುದಕ್ಕೆ ಇದೂ ಒಂದು ಕಾರಣ. ಟ್ರ್ಯಾಕ್ ಹಬ್‌ನಲ್ಲಿ ಒಂದೇ ಕಾಗ್, ಹಾಗಾಗಿ ಎರಡೂ ಕಡೆಯ ಕಡ್ಡಿಗಳ ಬಿಗಿ ಹೆಚ್ಚುಕಡಿಮೆ ಸಮ. 32 ಅಥವಾ 36 ಕಡ್ಡಿ, ಎರಡು ಗೋಡೆಯ ಅಲ್ಯೂಮಿನಿಯಂ ರಿಮ್ ಇದ್ದರೆ ಗುಂಡಿಗಳನ್ನು ಚೆನ್ನಾಗಿ ತಡೆಯುತ್ತದೆ. ರೇಸಿಗೆಂದೇ ಮಾಡಿದ, 20 ಕಡ್ಡಿ ನೇರ ನೇರ ಹೆಣೆದ ಮುಂದಿನ ಚಕ್ರ ನೋಡಲು ಚೆಂದ, ರಸ್ತೆಗೆ ಬೇಡ.

ಮೊದಲು ಅಳತೆ

ಚಕ್ರ ಕೊಳ್ಳುವ ಮೊದಲು ನಿಮ್ಮ ಫ್ರೇಮ್ ನೋಡಿ. ಟ್ರ್ಯಾಕ್ ಹಬ್ ಹಿಂದೆ 120 ಮಿ.ಮೀ., ಮುಂದೆ 100 ಮಿ.ಮೀ. ಅಗಲ. ಗೇರ್ ಮತ್ತು ರಿಮ್ ಬ್ರೇಕ್ ಇರುವ ರೋಡ್ ಬೈಕ್‌ನಲ್ಲಿ ಹಿಂದೆ ಸಾಮಾನ್ಯವಾಗಿ 130. ಹಳೆಯ ಸ್ಟೀಲ್ ಫ್ರೇಮ್ 126 ಇದ್ದರೆ ಎರಡೂ ಕಡೆ 3 ಮಿ.ಮೀ. ವಾಷರ್ ಹಾಕಿ ಕೂರಿಸಬಹುದು, ಆಕ್ಸಲ್ ಉದ್ದ ಸಾಕಾಗಬೇಕು ಅಷ್ಟೇ.

ಅಗಲಕ್ಕಿಂತ ಮುಖ್ಯ, ಆಕ್ಸಲ್ ಕೂರುವ ಕಚ್ಚು ಯಾವ ದಿಕ್ಕಿಗೆ ತೆರೆದಿದೆ ಅನ್ನುವುದು. ಕೆಳಮುಖವಾಗಿ ತೆರೆದಿದ್ದರೆ ಚಕ್ರವನ್ನು ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡಲು ಆಗುವುದಿಲ್ಲ. ಅಂಥ ಫ್ರೇಮ್ ಬಿಟ್ಟುಬಿಡಿ. ತಮಾಷೆ ಅಂದರೆ, ಮನೆಯ ಮೂಲೆಯಲ್ಲಿರುವ ಅಜ್ಜನ ಕಾಲದ ಕಪ್ಪು ಸೈಕಲ್‌ನಲ್ಲಿ ಈ ಕಚ್ಚು ಟ್ರ್ಯಾಕ್ ಸೈಕಲ್‌ನ ಹಾಗೇ ಹಿಂದಕ್ಕೆ ತೆರೆದಿರುತ್ತದೆ. ಆದರೆ ಅದರ ರಿಮ್ 635 ಮಿ.ಮೀ., ಟ್ರ್ಯಾಕ್ ರಿಮ್ 622. ಚಕ್ರ ಚಿಕ್ಕದಾಗುವುದರಿಂದ ಹಳೆಯ ರಾಡ್ ಬ್ರೇಕ್ ಅದಕ್ಕೆ ಕೆಲಸ ಮಾಡುವುದಿಲ್ಲ. ಬೇರೆ ಬ್ರೇಕ್ ಹುಡುಕಬೇಕು.

ರಿಮ್‌ನಲ್ಲೂ ಎರಡು ವಿಷಯ ನೋಡಿ. ಟ್ಯೂಬುಲರ್ ರಿಮ್ ಆದರೆ ಟೈರನ್ನು ಅಂಟು ಹಾಕಿ ಕೂರಿಸಬೇಕು, ಪಂಕ್ಚರ್ ಅಂಗಡಿಯಲ್ಲಿ ಯಾರೂ ಕೈ ಹಾಕುವುದಿಲ್ಲ. ಸಾಮಾನ್ಯ ಟೈರ್ ಟ್ಯೂಬ್ ಕೂರುವ ರಿಮ್ಮೇ ಇರಲಿ. ಎರಡನೆಯದು, ಮುಂದಿನ ರಿಮ್‌ನ ಪಕ್ಕದಲ್ಲಿ ಬ್ರೇಕಿನ ರಬ್ಬರ್ ಉಜ್ಜಲು ಸಪಾಟಾದ ಪಟ್ಟಿ ಇರಬೇಕು. ಟ್ರ್ಯಾಕ್ ರಿಮ್‌ಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಟೈರ್ 25 ಅಥವಾ 28 ಮಿ.ಮೀ. ಹಾಕಿ, ಫ್ರೇಮ್‌ನಲ್ಲಿ ಜಾಗ ಇದ್ದರೆ 32.

ಲಾಕ್‌ರಿಂಗ್: ಇಲ್ಲಿ ಅವಸರ ಬೇಡ

ನಿಜವಾದ ಟ್ರ್ಯಾಕ್ ಹಬ್ ಗುರುತಿಸುವುದು ಸುಲಭ. ಕಾಗ್ ಕೂರುವ ಕಡೆ ಎರಡು ಮೆಟ್ಟಿಲಿನ ಹಾಗೆ ಎರಡು ಥ್ರೆಡ್ ಇರುತ್ತವೆ. ಒಳಗಿನ ದೊಡ್ಡದು ಕಾಗ್‌ಗೆ, ಪ್ರದಕ್ಷಿಣವಾಗಿ ಬಿಗಿಯುವ ಮಾಮೂಲಿ ಬಲ ಥ್ರೆಡ್. ಹೊರಗಿನ ಚಿಕ್ಕದು ಲಾಕ್‌ರಿಂಗ್‌ಗೆ, ಅಂದರೆ ಕಾಗನ್ನು ಹಿಡಿದಿಡುವ ಬಳೆಗೆ, ಉಲ್ಟಾ ಬಿಗಿಯುವ ಎಡ ಥ್ರೆಡ್. ಮುಂದಕ್ಕೆ ತುಳಿದಾಗ ಕಾಗ್ ಬಿಗಿಯಾಗುತ್ತಾ ಹೋಗುತ್ತದೆ. ನಿಲ್ಲಿಸಲು ಕಾಲನ್ನು ಹಿಂದಕ್ಕೆ ಒತ್ತಿದಾಗ ಅದು ಬಿಚ್ಚಿಕೊಳ್ಳಲು ನೋಡುತ್ತದೆ. ಆದರೆ ಕಾಗ್ ಬಿಚ್ಚುವ ದಿಕ್ಕೇ ಲಾಕ್‌ರಿಂಗ್ ಬಿಗಿಯುವ ದಿಕ್ಕು. ಕಾಗ್ ಹೊರಗೆ ಬರಲು ಹೋದಷ್ಟೂ ಲಾಕ್‌ರಿಂಗ್ ಅದನ್ನು ಒಳಗೇ ಅದುಮುತ್ತದೆ. ಇಷ್ಟು ಸರಳ ಉಪಾಯ ಯಾರ ತಲೆಗೆ ಹೊಳೆಯಿತೋ!

ಫ್ರೀವೀಲ್ ಹಾಕುವ ಹಬ್‌ನಲ್ಲಿ ಮೊದಲ ಥ್ರೆಡ್ ಇದೇ ಅಳತೆಯದು. ಹಾಗಾಗಿ ಕಾಗ್ ಅದಕ್ಕೂ ಕೂರುತ್ತದೆ. ಎರಡನೆಯ ಮೆಟ್ಟಿಲು ಮಾತ್ರ ಇರುವುದಿಲ್ಲ. ನಾನು ಮೊದಲು ಕೊಂಡ ಸೆಕೆಂಡ್ ಹ್ಯಾಂಡ್ ಚಕ್ರ ಇಂಥದ್ದೇ. ಮಾರಿದವರು ಬೇರೆ ಯಾವುದೋ ರಿಂಗನ್ನು ಅಂಟು ಹಾಕಿ ಕೂರಿಸಿದ್ದರು. ನನಗೂ ಆಗ ತಿಳಿಯಲಿಲ್ಲ. ಮೂರನೇ ದಿನ ಒಂದು ಇಳಿಜಾರಿನಲ್ಲಿ ಕಾಲನ್ನು ಹಿಂದಕ್ಕೆ ಒತ್ತಿದೆ. ‘ಟಕ್’ ಅಂತು. ಪೆಡಲ್ ಸುಮ್ನೆ ಹಿಂದಕ್ಕೆ ತಿರುಗಿತು, ಸೈಕಲ್ ಮುಂದಕ್ಕೇ ಓಡಿತು. ಮುಂದಿನ ಬ್ರೇಕ್ ಇದ್ದಿದ್ದರಿಂದ ಉಳಿದೆ. ಇಂಥ ಹಬ್‌ಗೆ ಇಂಗ್ಲಿಷಿನವರು ‘ಸೂಸೈಡ್ ಹಬ್’ ಅಂತ ಹೆಸರಿಟ್ಟಿರುವುದು ಆಮೇಲೆ ಗೊತ್ತಾಯಿತು.

ಕೂರಿಸುವ ಕ್ರಮ ಹೀಗೆ. ಥ್ರೆಡ್‌ಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ. ಕಾಗನ್ನು ಮೊದಲು ಕೈಯಲ್ಲೇ ತಿರುಗಿಸಿ. ಸೊಟ್ಟಗೆ ಹತ್ತಿದರೆ ತಕ್ಷಣ ಬಿಚ್ಚಿ ಮತ್ತೆ ಶುರು ಮಾಡಿ, ಹಬ್ ಹಾಳಾದರೆ ಚಕ್ರವೇ ಹೋಯಿತು. ಕೈಗೆ ಬಿಗಿಯಾದ ಮೇಲೆ ಚೈನ್ ವಿಪ್‌ನಿಂದ, ಅಂದರೆ ಚೈನ್ ತುಂಡು ಜೋಡಿಸಿದ ಪಟ್ಟಿಯಿಂದ, ಗಟ್ಟಿಯಾಗಿ ಬಿಗಿ ಮಾಡಿ. ಆಮೇಲೆ ಲಾಕ್‌ರಿಂಗ್, ಅಪ್ರದಕ್ಷಿಣವಾಗಿ, ಕೊಕ್ಕೆ ಸ್ಪ್ಯಾನರ್‌ನಿಂದ. ಉಳಿ ಸುತ್ತಿಗೆ ಹಿಡಿದು ಹೊಡೆಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಎಲ್ಲ ಲಾಕ್‌ರಿಂಗೂ ಎಲ್ಲ ಹಬ್‌ಗೂ ಕೂರುವುದಿಲ್ಲ. ಇಟಲಿಯ ಕ್ಯಾಂಪಗ್ನೋಲೊ ಕಂಪನಿಯ ಹಳೆಯ ಹಬ್‌ನ ಅಳತೆಯೇ ಬೇರೆ. ಹಬ್ ಜೊತೆಯಲ್ಲೇ ಕೇಳಿ ತೆಗೆದುಕೊಳ್ಳಿ.

ಇಲ್ಲಿಗೆ ಮುಗಿಯಲಿಲ್ಲ. ಹತ್ತಿರದ ಒಂದು ಏರಿನಲ್ಲಿ ಎದ್ದು ನಿಂತು ಜೋರಾಗಿ ತುಳಿಯಿರಿ, ಕಾಲಿನಿಂದ ತಡೆಯಬೇಡಿ. ನಿಲ್ಲಿಸಲು ಬ್ರೇಕನ್ನೇ ಹಿಡಿಯಿರಿ. ನಿಮ್ಮ ಭಾರಕ್ಕೆ ಕಾಗ್ ಇನ್ನೊಂದಿಷ್ಟು ಒಳಗೆ ಕೂರುತ್ತದೆ, ಲಾಕ್‌ರಿಂಗ್ ಸಡಿಲವಾಗುತ್ತದೆ. ಮನೆಗೆ ಬಂದು ಅದನ್ನು ಮತ್ತೆ ಬಿಗಿ ಮಾಡಿ.

ಚೈನು, ಹಲ್ಲು

ಆಕ್ಸಲ್ ನಟ್ಟುಗಳು 15 ಮಿ.ಮೀ. ಚಕ್ರವನ್ನು ಹಿಂದಕ್ಕೆ ಎಳೆದು ಒಂದು ನಟ್ಟನ್ನು ಅರ್ಧ ಬಿಗಿ ಮಾಡಿ, ಇನ್ನೊಂದು ಕಡೆ ನೇರ ಮಾಡಿ, ಹೀಗೆ ಆ ಕಡೆ ಈ ಕಡೆ ಸರಿಸುತ್ತಾ ಬನ್ನಿ. ಪೆಡಲನ್ನು ನಿಧಾನ ತಿರುಗಿಸಿ ಚೈನ್ ಅತಿ ಬಿಗಿಯಾಗುವ ಜಾಗ ಹುಡುಕಿ. ಅಲ್ಲಿ ಬೆರಳಿನಿಂದ ಒತ್ತಿದರೆ ಚೈನ್ ಮಧ್ಯದಲ್ಲಿ ಸುಮಾರು ಒಂದು ಸೆಂ.ಮೀ. ಆಡಬೇಕು. ಇದಕ್ಕಿಂತ ಬಿಗಿಯಾದರೆ ಬೇರಿಂಗ್ ಬೇಗ ಸವೆಯುತ್ತದೆ. ಸಡಿಲವಾದರೆ ಚೈನ್ ಕಳಚಿ ಹಿಂದಿನ ಚಕ್ರವನ್ನೇ ಸಿಕ್ಕಿಸಬಹುದು.

ಹಲ್ಲಿನ ಲೆಕ್ಕದಲ್ಲಿ ಎಲ್ಲರೂ 48–16 ಅಂತ ಹೇಳುತ್ತಾರೆ, ಅಂದರೆ ಪೆಡಲಿನ ಕಡೆ 48 ಹಲ್ಲು, ಹಿಂದಿನ ಕಾಗ್‌ನಲ್ಲಿ 16. ನನಗೆ ಅದು ಇಷ್ಟವಿಲ್ಲ. 48ನ್ನು 16ರಿಂದ ಭಾಗಿಸಿದರೆ ಸರಿಯಾಗಿ 3. ಅಂದರೆ ಒಂದೇ ಕಾಲು ಮುಂದಿಟ್ಟು ಕಾಲಿನಿಂದ ಚಕ್ರ ಜಾರಿಸಿ ನಿಲ್ಲಿಸಿದಾಗಲೆಲ್ಲ ಟೈರ್‌ನ ಅದೇ ಜಾಗ ನೆಲಕ್ಕೆ ಉಜ್ಜುತ್ತದೆ. ಅಲ್ಲಿ ಬೇಗ ತೂತು ಬೀಳುತ್ತದೆ. 46–17 ಹಾಕಿದರೆ ಹದಿನೇಳು ಜಾಗಗಳಲ್ಲಿ ಸವೆತ ಹಂಚಿಹೋಗುತ್ತದೆ. ಪೆಡಲ್ ಒಂದು ಸುತ್ತಿಗೆ ಸುಮಾರು 5.7 ಮೀಟರ್, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ ಸುಮಾರು 31 ಕಿ.ಮೀ. ಏರು ಜಾಸ್ತಿ ಇರುವ ಊರಿನಲ್ಲಿ 44–17 ಸಾಕು.

ಮುಂದಿನ ಬ್ರೇಕ್

ಚಕ್ರ ಜಾರಿಸುವುದು ನೋಡಲು ಸಾಹಸ, ಆದರೆ ಬ್ರೇಕ್ ಹಾಕುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಹಗುರಾದ ಹಿಂದಿನ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಬ್ರಿಟನ್ನಿನ 1983ರ ನಿಯಮ ಫಿಕ್ಸೆಡ್, ಅಂದರೆ ಫ್ರೀವೀಲ್ ಇಲ್ಲದ, ಹಿಂಚಕ್ರವನ್ನು ಒಂದು ಬ್ರೇಕ್ ಅಂತ ಒಪ್ಪುತ್ತದೆ, ಮುಂದಿನದಕ್ಕೆ ಮಾತ್ರ ಬೇರೆ ಬ್ರೇಕ್ ಇರಲೇಬೇಕು. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕ್ ಇಲ್ಲದ ಟ್ರ್ಯಾಕ್ ಸೈಕಲ್ ಬಡಿದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಸವಾರನಿಗೆ 2017ರಲ್ಲಿ 18 ತಿಂಗಳ ಶಿಕ್ಷೆಯಾಯಿತು, 1861ರ ಒಂದು ಹಳೆಯ ಕಾನೂನಿನ ಕೆಳಗೆ.

ಟ್ರ್ಯಾಕ್ ಫೋರ್ಕ್‌ನಲ್ಲಿ ಬ್ರೇಕ್ ಕೂರಿಸಲು ತೂತು ಇಲ್ಲದಿದ್ದರೆ ಕೊರೆಸಲು ಹೋಗಬೇಡಿ. ತೂತಿರುವ ಬೇರೆ ಫೋರ್ಕ್ ಹಾಕಿಸಿ.

ಮೊದಲ ಸವಾರಿ

ಬೆಳಗ್ಗೆ ಬೇಗ, ಖಾಲಿ ಮೈದಾನದಲ್ಲಿ. ಕಾಲು ಪೆಡಲಿನಿಂದ ಜಾರದಂತೆ ಬೆಲ್ಟ್ ಇರಲಿ. ಪ್ಯಾಂಟಿನ ಅಂಚು ಮಡಚಿ, ಶೂ ಲೇಸ್ ಒಳಗೆ ಸೇರಿಸಿ. ಹಂಪ್ ಬಂದಾಗ ಸೀಟಿನಿಂದ ಸ್ವಲ್ಪ ಎದ್ದೇಳಿ, ಕಾಲು ಮಾತ್ರ ತಿರುಗುತ್ತಲೇ ಇರಲಿ. ಅರೆಕ್ಷಣ ಮರೆತು ಕಾಲು ನಿಲ್ಲಿಸಿದರೆ ಸೈಕಲ್ ನಿಮ್ಮನ್ನು ಸೀಟಿನಿಂದ ಎತ್ತುತ್ತದೆ. ಎಲ್ಲರಿಗೂ ಒಂದೆರಡು ಸಲ ಆಗುತ್ತದೆ. ತಿರುವಿನಲ್ಲಿ ಜಾಸ್ತಿ ವಾಲಬೇಡಿ, ಒಳಗಿನ ಪೆಡಲ್ ನೆಲಕ್ಕೆ ತಾಗೀತು. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, 165 ಮಿ.ಮೀ. ಇದ್ದರೆ ಈ ಕಾಟ ಕಡಿಮೆ.

ಚೀಲದಲ್ಲಿ 15ರ ಸ್ಪ್ಯಾನರ್, ಒಂದು ಟ್ಯೂಬ್, ಮತ್ತೆ ಟ್ಯೂಬಿನ ವಾಲ್ ಸಪೂರದ್ದಾದರೆ (ಪ್ರೆಸ್ಟಾ) ಅದಕ್ಕೆ ಹಾಕುವ ಸಣ್ಣ ಹಿತ್ತಾಳೆ ಅಡಾಪ್ಟರ್ ಇರಲಿ. ಅದಿಲ್ಲದಿದ್ದರೆ ಪೆಟ್ರೋಲ್ ಬಂಕಿನ ಗಾಳಿ ನಿಮ್ಮ ಟ್ಯೂಬಿಗೆ ಹೋಗುವುದಿಲ್ಲ.