ಪಾಟ್ ತಣ್ಣಗಿತ್ತು, ಚಿಪ್ ಅಲ್ಲ

ಥರ್ಮಾಮೀಟರ್ ಮೈನಸ್ 160 ಡಿಗ್ರಿ ತೋರಿಸುತ್ತಿತ್ತು. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ಎಎಂಡಿ ಎಫ್‌ಎಕ್ಸ್-8350 ಅನ್ನುವ ಕಂಪ್ಯೂಟರ್ ಪ್ರೊಸೆಸರ್ ಚಿಪ್ಪನ್ನು ಮಾಮೂಲಿಗಿಂತ ಹೆಚ್ಚು ವೇಗಕ್ಕೆ ಏರಿಸಲು (ಓವರ್‌ಕ್ಲಾಕಿಂಗ್) ನಾನು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಓಡಿಸಿದ ಮೊದಲ ದಿನ ಅದು. ಚಿಪ್ ಮೇಲೆ ಕೂರಿಸಿದ ತಾಮ್ರದ ಪಾತ್ರೆಗೆ ನೈಟ್ರೋಜನ್ ಸುರಿಯಬೇಕು, ಅದಕ್ಕೆ ಪಾಟ್ ಅನ್ನುತ್ತಾರೆ.

ಇಷ್ಟು ಚಳಿಯಲ್ಲಿ ಕೆಲವು ಚಿಪ್‌ಗಳು ನಿಂತೇ ಹೋಗುತ್ತವೆ. ಅದಕ್ಕೆ ಕೋಲ್ಡ್ ಬಗ್ ಅನ್ನುತ್ತಾರೆ. ನಾನೂ ಅದೇ ಇರಬೇಕು ಅಂದುಕೊಂಡೆ. ಆದರೆ ಎಫ್‌ಎಕ್ಸ್ ಚಿಪ್‌ಗಳು ಹೆಸರು ಮಾಡಿದ್ದೇ ಎಷ್ಟು ಚಳಿಗೂ ಬಗ್ಗುವುದಿಲ್ಲ ಅಂತ. 2011ರಲ್ಲಿ ಇದರ ಅಣ್ಣ ಎಫ್‌ಎಕ್ಸ್-8150, ಲಿಕ್ವಿಡ್ ಹೀಲಿಯಂ ಹಾಕಿಸಿಕೊಂಡು 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆ ಮಾಡಿತ್ತು. ಹೀಲಿಯಂ ಕುದಿಯುವುದು ಮೈನಸ್ 269ರಲ್ಲಿ. ಹಾಗಿದ್ದರೆ ನನ್ನ ಚಿಪ್ 160ಕ್ಕೇ ಯಾಕೆ ನಿಂತಿತು?

ತಯಾರಿಯಲ್ಲಿ ತಪ್ಪಾಗಿದೆ ಅಂತ ನನಗೆ ಅನಿಸಲಿಲ್ಲ. ಮೊದಲು ಡ್ರೈ ಐಸ್‌ನಲ್ಲಿ ಕೈ ಪಳಗಿಸಿಕೊಂಡಿದ್ದೆ. ಅದು ಮೈನಸ್ 78ರವರೆಗೆ ಒಯ್ಯುತ್ತದೆ. ಬರೀ ತುಂಡು ಹಾಕಿದರೆ ತಾಮ್ರಕ್ಕೆ ಸರಿಯಾಗಿ ತಾಗುವುದಿಲ್ಲ, ಜೊತೆಗೆ ಸ್ವಲ್ಪ ಅಸಿಟೋನ್ ಬೇಕು. (ಅಸಿಟೋನ್ ಇರುವಾಗ ಹತ್ತಿರ ಬೆಂಕಿ ಸುಳಿಯಬಾರದು.) ಮದರ್‌ಬೋರ್ಡಿಗೆ ವ್ಯಾಸಲಿನ್ ಬಳಿದಿದ್ದೆ. ಸಾಕೆಟ್ ಸುತ್ತ ಚಿತ್ರ ಬಿಡಿಸುವವರು ಬಳಸುವ ಮೆತ್ತನೆಯ ರಬ್ಬರ್ ಒತ್ತಿ, ಮೇಲೆ ಫೋಮ್ ಕೂರಿಸಿದ್ದೆ. ಬೋರ್ಡಿನ ಹಿಂಭಾಗವನ್ನೂ ಬಿಟ್ಟಿರಲಿಲ್ಲ. ಗಾಳಿ ನುಗ್ಗುವ ಒಂದು ಸಣ್ಣ ಸಂದು ಸಿಕ್ಕರೂ ಸಾಕು, ಅಲ್ಲಿ ಇಬ್ಬನಿ ಕಟ್ಟುತ್ತದೆ.

ಎರಡನೇ ಸಲ ಓಡಿಸುವಾಗ ಸಂಖ್ಯೆಗಳನ್ನು ಬಿಟ್ಟು ಪಾಟ್ ಒಳಗೆ ನೋಡುತ್ತಾ ಕೂತೆ. ಉತ್ತರ ಅಲ್ಲೇ ಇತ್ತು. ಚಿಪ್ ಮೇಲೆ ಕೆಲಸ ಬಿದ್ದಾಗ ನೈಟ್ರೋಜನ್ ಕೊತಕೊತ ಕುದಿಯಬೇಕು, ಥರ್ಮಾಮೀಟರ್ ಸ್ವಲ್ಪ ಮೇಲೇರಬೇಕು. ನನ್ನದು ಸುಮ್ನೆ ಕೂತಿತ್ತು. ಅಂದರೆ ಚಿಪ್‌ನ ಬಿಸಿ ಪಾಟ್‌ವರೆಗೆ ಬರುತ್ತಲೇ ಇಲ್ಲ! ಥರ್ಮಾಮೀಟರಿನ ತಂತಿ ಇರುವುದು ತಾಮ್ರದಲ್ಲಿ. ಅದು ಹೇಳುವುದು ಪಾಟ್‌ನ ಚಳಿ ಮಾತ್ರ.

ಬಿಚ್ಚಿ ನೋಡಿದರೆ, ಚಿಪ್‌ನ ಬಿಸಿ ಪಾಟ್‌ಗೆ ದಾಟಲಿ ಅಂತ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಿರುಕು ಬಿಟ್ಟಿತ್ತು. ಬೇಗ ಇಳಿಸುವ ಆಸೆಯಲ್ಲಿ ಒಂದೇ ಸಮನೆ ಸುರಿದಿದ್ದೆ. ಮೇಲಾಗಿ ಮಾಮೂಲಿ ಕೂಲರ್‌ಗೆ ಹಚ್ಚುವ ಹಾಗೆ ಪೇಸ್ಟ್ ತೆಳ್ಳಗೆ ಹಚ್ಚಿದ್ದೆ. ಈ ಸಲ ಚಿಪ್ಪಿನ ಮುಚ್ಚಳ ಪೂರ್ತಿ ಮುಚ್ಚುವಂತೆ ಧಾರಾಳವಾಗಿ ಹಚ್ಚಿದೆ. ನಾಲ್ಕೂ ತಿರುಪುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ. ನೈಟ್ರೋಜನ್ ಕೂಡ ಗುಟುಕು ಗುಟುಕಾಗಿ ಹಾಕಿದೆ. ಪ್ರತಿ 20 ಡಿಗ್ರಿಗೆ ನಿಲ್ಲಿಸಿ, ಚಿಪ್ಪಿಗೆ ಸ್ವಲ್ಪ ಕೆಲಸ ಕೊಟ್ಟು, ಕುದಿ ಎದ್ದಿತಾ ನೋಡಿ, ಆಮೇಲೆ ಮುಂದಕ್ಕೆ. ಮೈನಸ್ 160 ದಾಟಿತು. 180 ದಾಟಿತು. ಕೊನೆಗೆ ನೈಟ್ರೋಜನ್ ಕುದಿಯುವ ಮೈನಸ್ 196ರ ಹತ್ತಿರ ಬಂದು ನಿಂತಿತು. ಚಿಪ್ ಆರಾಮಾಗಿ ಓಡುತ್ತಿತ್ತು. ಆ ಕ್ಷಣದ ಖುಷಿ ನನಗೆ ದೊಡ್ಡದು.

ಇನ್ನು ಸಾಫ್ಟ್‌ವೇರ್ ಮಾತು. ಮೊದಲೇ ದೊಡ್ಡ ವೇಗ ಇಟ್ಟು ಬೂಟ್ ಮಾಡಲು ಹೋಗಬಾರದು. ನಾನು ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) 5 ಗಿಗಾಹರ್ಟ್ಸ್ ಇಟ್ಟು ವಿಂಡೋಸ್ 7ಕ್ಕೆ ಬಂದೆ. ಉಳಿದದ್ದನ್ನೆಲ್ಲ ವೇಗ ಬದಲಿಸುವ ಎಎಂಡಿ ಓವರ್‌ಡ್ರೈವ್ ಸಾಫ್ಟ್‌ವೇರ್‌ನಲ್ಲಿ ಏರಿಸಿದೆ. ಮಲ್ಟಿಪ್ಲೈಯರ್ (ಮೂಲ ವೇಗವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆ) ಅರ್ಧರ್ಧ ಹೆಜ್ಜೆ, ಚಿಪ್ ತಡವರಿಸಿದಾಗ ಮಾತ್ರ ವೋಲ್ಟೇಜ್. ಮೆಮೊರಿಯನ್ನು ನಿಧಾನದಲ್ಲೇ ಬಿಟ್ಟೆ. ಒಂದೇ ಸಲ ಎರಡು ವಿಷಯ ಬದಲಿಸಿದರೆ ಬಿದ್ದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಎಂಟೂ ಕೋರ್‌ಗಳನ್ನು ಇಟ್ಟುಕೊಂಡು ಮೇಲೇರುವ ಆಸೆ ಬಿಟ್ಟೆ. ಚಿಪ್ ಎಳೆಯುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗಕ್ಕೆ ತಕ್ಕಂತೆಯೂ ಏರುತ್ತದೆ. 1.35 ವೋಲ್ಟ್, 4 ಗಿಗಾಹರ್ಟ್ಸ್‌ನಿಂದ 1.9 ವೋಲ್ಟ್, 7.2 ಗಿಗಾಹರ್ಟ್ಸ್‌ಗೆ ಹೋದರೆ ಮೂರೂವರೆ ಪಟ್ಟು. 125 ವ್ಯಾಟ್‌ನ ಚಿಪ್ 400 ವ್ಯಾಟ್ ದಾಟುತ್ತದೆ. ಹಾಗಾಗಿ ಬಯಾಸ್‌ನಲ್ಲಿ ಒಂದೇ ಮಾಡ್ಯೂಲ್ ಉಳಿಸಿದೆ, ಅಂದರೆ ಎರಡು ಕೋರ್. ಮುಟ್ಟಿದ್ದು 7.2 ಗಿಗಾಹರ್ಟ್ಸ್. ಚಿಪ್‌ನ ವೇಗ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ದಾಖಲಾಯಿತು. ಆದರೆ ಅದಕ್ಕೆ ಒಂದು ಕ್ಷಣ ನಿಂತರೆ ಸಾಕು. ಅದೇ ವೇಗದಲ್ಲಿ, ಪೈ ಸಂಖ್ಯೆಯನ್ನು ಲೆಕ್ಕ ಹಾಕಿಸುವ ಸೂಪರ್ ಪೈ ಪರೀಕ್ಷೆ ಮುಗಿಯಲಿಲ್ಲ, 6.9ಕ್ಕೆ ಇಳಿಸಿದ ಮೇಲೆ ಮುಗಿಯಿತು. ನನಗೆ ಲೆಕ್ಕಕ್ಕೆ ಬರುವುದು ಆ 6.9 ಮಾತ್ರ.

ಒಂದು ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಒಂದು ಲೀಟರ್ ಲಿಕ್ವಿಡ್ ನೈಟ್ರೋಜನ್ ಸುಮಾರು 700 ಲೀಟರ್ ಅನಿಲವಾಗುತ್ತದೆ. ಕೋಣೆಯ ಆಮ್ಲಜನಕವನ್ನು ಅದು ಸದ್ದಿಲ್ಲದೆ ಹೊರಗೆ ತಳ್ಳುತ್ತದೆ. ವಾಸನೆ ಬರುವುದಿಲ್ಲ, ಕೆಮ್ಮೂ ಬರುವುದಿಲ್ಲ. ಕಿಟಕಿ ಬಾಗಿಲು ತೆರೆದೇ ಇರಬೇಕು, ಜೊತೆಗೆ ಇನ್ನೊಬ್ಬರು ಇರಬೇಕು. ನೈಟ್ರೋಜನ್ ತುಂಬಿದ ಪಾತ್ರೆಗೆ ಬಿಗಿಯಾದ ಮುಚ್ಚಳ ಹಾಕಲೇಬಾರದು, ಒತ್ತಡಕ್ಕೆ ಸಿಡಿಯುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಬೇಕೇ ಬೇಕು.

ಮುಗಿದ ಮೇಲೆ ಪಾಟ್ ಕೋಣೆಯ ಬಿಸಿಗೆ ಬರುವ ತನಕ ಕಾದೆ. ಮಂಜು ಕರಗಿ ನೀರಾಗುವ ಹೊತ್ತೇ ಬೋರ್ಡಿಗೆ ಅಪಾಯದ ಹೊತ್ತು. ಎಲ್ಲ ಬಿಚ್ಚಿ, ಒರೆಸಿ, ರಾತ್ರಿಯಿಡೀ ಫ್ಯಾನ್ ಕೆಳಗೆ ಇಟ್ಟೆ. ಮೆಮೊರಿ ಸ್ಲಾಟ್ ಒಂದರಲ್ಲಿ ಹನಿ ಕಂಡಿತ್ತು, ಅದಕ್ಕೆ ಇನ್ನೊಂದು ದಿನ ಕೊಟ್ಟೆ. ಮೂರನೇ ದಿನ ಮಾಮೂಲಿ ಕೂಲರ್ ಕೂರಿಸಿ ಪವರ್ ಬಟನ್ ಒತ್ತಿದೆ. 4 ಗಿಗಾಹರ್ಟ್ಸ್, ಏನೂ ಆಗದ ಹಾಗೆ ಎದ್ದಿತು.