ಬರಹದಿಂದ ಚಾರ್ಟ್‌ಗೆ, ಚಾರ್ಟ್‌ನಿಂದ ಬರಹಕ್ಕೆ: ಅಡಿಕೆ ಬೆಳೆಗಾರರ ನಡುವೆ ನನ್ನ ಅನುಭವ

ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರರ ಸಭೆಗಳಿಗೆ ಚಾರ್ಟ್ ಬರೆದುಕೊಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಕರಪತ್ರ, ಮಾರುಕಟ್ಟೆ ದರದ ಪಟ್ಟಿ, ಮನೆಗಳಲ್ಲಿ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕ, ಇವೆಲ್ಲ ನನ್ನ ಕೈಗೆ ಬರುತ್ತವೆ. ಅವನ್ನು ಗೋಡೆಗೆ ಹಾಕಿದರೆ ಕಾಣುವ ಹಾಗೆ ಮಾಡಬೇಕು. ಕೆಲವು ಸಲ ಉಲ್ಟಾ ಕೆಲಸವೂ ಇರುತ್ತದೆ. ಚಾರ್ಟ್‌ನಲ್ಲಿ ಇರುವುದನ್ನು ನಾಲ್ಕೈದು ಸಾಲಿನ ಬರಹ ಮಾಡಬೇಕು.

ಎರಡೂ ಕಡೆ ಓಡಾಡಿದ ಮೇಲೆ ನನಗೊಂದು ವಿಷಯ ಗಟ್ಟಿಯಾಗಿದೆ. ಹೀಗೆ ಬದಲಾಯಿಸುವಾಗ ಅಂಕಿಗಳು ಕಳೆದುಹೋಗುವುದು ಕಮ್ಮಿ. ಕಳೆದುಹೋಗುವುದು ‘ಆದರೆ’, ‘ಇಲ್ಲದಿದ್ದರೆ’, ‘ಯಾಕಂದರೆ’ ಎಂಬ ಮಾತುಗಳು. ತೋಟಕ್ಕೆ ಇಳಿಯುವವನಿಗೆ ಬೇಕಾದದ್ದು ಹೆಚ್ಚಾಗಿ ಅಲ್ಲೇ ಇರುತ್ತದೆ.

ಹಾಗಾಗಿ ಯಾವ ಕರಪತ್ರ ಬಂದರೂ ಮೊದಲು ಪೆನ್ಸಿಲ್ ಹಿಡಿದು ಓದುತ್ತೇನೆ. ಅಂಕಿಗಳ ಕೆಳಗೆ ಗೆರೆ ಹಾಕುತ್ತೇನೆ. ಮಾಡಬೇಕಾದ ಕೆಲಸಗಳಿಗೆ ಸುತ್ತು ಹಾಕುತ್ತೇನೆ. ‘ಆದರೆ’, ‘ಇಲ್ಲದಿದ್ದರೆ’ ಬಂದಲ್ಲಿ ಚೌಕ ಹಾಕುತ್ತೇನೆ. ಹಾಳೆಯಲ್ಲಿ ಗೆರೆಗಳು ಜಾಸ್ತಿ ಇದ್ದರೆ ಅದು ಕಂಬದ ಚಾರ್ಟ್ ಆಗುತ್ತದೆ. ಸುತ್ತು, ಚೌಕ ಜಾಸ್ತಿ ಇದ್ದರೆ ಬಾಣಗಳ ಫ್ಲೋಚಾರ್ಟ್ ಆಗುತ್ತದೆ. ಏನು ಬರೆಯಬೇಕು ಎಂದು ತಲೆ ಕೆಡಿಸಿಕೊಳ್ಳುವ ಮೊದಲೇ ಹಾಳೆಯೇ ದಾರಿ ತೋರಿಸುತ್ತದೆ.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಉದಾಹರಣೆ ನೋಡಿ. ಅದಕ್ಕೆ ಹೊಡೆಯುವ ಔಷಧಿ ಬೋರ್ಡೋ ದ್ರಾವಣ. ಶೇಕಡ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು, ಸುಣ್ಣವನ್ನು ಉಳಿದ 50 ಲೀಟರ್‌ನಲ್ಲಿ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಬೇಕು. ಆಮೇಲೆ ಸುಣ್ಣದ ನೀರನ್ನು ತಿರುಗಿಸುತ್ತಾ ಅದಕ್ಕೆ ತುತ್ತದ ನೀರು ಹೊಯ್ಯಬೇಕು. ಕೊನೆಗೆ ಹೊಳೆಯುವ ಚಾಕುವಿನ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಸುಣ್ಣದ ಜೊತೆ ಕೂಡದೆ ಹಾಗೇ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಬೇಕು. ತಯಾರಾದದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು.

ಬರಹದಲ್ಲಿ ಈ ಚಾಕುವಿನ ಪರೀಕ್ಷೆ ಕೊನೆಯ ಸಾಲಿನಲ್ಲಿ ಬರುತ್ತದೆ. ಓದುವವರು ಅಷ್ಟರಲ್ಲಿ ಹಾಳೆ ಮಡಚಿರುತ್ತಾರೆ. ಫ್ಲೋಚಾರ್ಟ್‌ನಲ್ಲಿ ಅದಕ್ಕೆ ನಾನು ದೊಡ್ಡ ವಜ್ರದಾಕಾರದ ಮನೆ ಕೊಡುತ್ತೇನೆ. ‘ಅಲಗು ಕೆಂಪಾಯಿತೇ?’ ಎಂದು ಒಳಗೆ ಬರೆಯುತ್ತೇನೆ. ‘ಇಲ್ಲ’ ಎಂಬ ಬಾಣ ಕೆಳಗೆ ತೋಟಕ್ಕೆ ಹೋಗುತ್ತದೆ. ‘ಹೌದು’ ಎಂಬ ಬಾಣ ತಿರುಗಿ ಮೇಲಕ್ಕೆ ಸುಣ್ಣದ ಡ್ರಮ್ಮಿಗೆ ಹೋಗುತ್ತದೆ. ಸಾಲುಗಳು ಮುಂದಕ್ಕೆ ಮಾತ್ರ ಹೋಗುತ್ತವೆ, ಬಾಣ ಹಿಂದಕ್ಕೂ ಹೋಗಬಲ್ಲದು. ಫ್ಲೋಚಾರ್ಟ್ ನನಗೆ ಇಷ್ಟವಾಗುವುದು ಇದಕ್ಕೇ.

ಸಭೆಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. “ಮಾರಾಯ್ರೇ, ತುತ್ತವನ್ನ ಸುಣ್ಣಕ್ಕೆ ಹೊಯ್ಯೂದೋ, ಸುಣ್ಣವನ್ನ ತುತ್ತಕ್ಕೋ?” ಎರಡು ಡ್ರಮ್ ಬರೆದು ಎರಡು ಬಾಣಗಳನ್ನು ನಡುವೆ ಕೂಡಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆದ್ದರಿಂದ ಸುಣ್ಣದ ಡ್ರಮ್ಮನ್ನು ದೊಡ್ಡದಾಗಿ ಬರೆದು, ತುತ್ತದಿಂದ ಒಂದೇ ಬಾಣವನ್ನು ಅದರ ಬಾಯಿಗೆ ಇಳಿಸುತ್ತೇನೆ. ‘ಯಾಕೆ’ ಎಂಬುದಕ್ಕೆ ಮಾತ್ರ ಬಾಣ ಸಾಲದು. ತಾಮ್ರ ಹಾಗೇ ಉಳಿದರೆ ದ್ರಾವಣ ಬೆಳೆಯನ್ನೇ ಸುಡುತ್ತದೆ. ಈ ಒಂದು ಸಾಲನ್ನು ಚಿತ್ರದ ಪಕ್ಕದಲ್ಲಿ ಬರಹವಾಗಿಯೇ ಬಿಡುತ್ತೇನೆ. ಎಲ್ಲವನ್ನೂ ಚಿತ್ರ ಮಾಡಲೇಬೇಕು ಎಂಬ ಹಟ ಒಳ್ಳೆಯದಲ್ಲ.

ಮಳೆ ಲೆಕ್ಕದ ವಿಷಯವೇ ಬೇರೆ. ಅಲ್ಲಿ ಅಂಕಿಗಳೇ ಎಲ್ಲಾ. ಜೂನ್, ಜುಲೈ, ಆಗಸ್ಟ್ ಎಂದು ಮೂರು ಕಂಬ ನಿಲ್ಲಿಸಬಹುದು. ಆದರೆ ನಮ್ಮಲ್ಲಿ ಮಳೆ ಮಾತಾಡುವುದು ತಿಂಗಳ ಲೆಕ್ಕದಲ್ಲಲ್ಲ, ನಕ್ಷತ್ರದ ಲೆಕ್ಕದಲ್ಲಿ. ಮೃಗಶಿರ ಜೂನ್ ಮೊದಲ ವಾರ ದಾಟುವಾಗ ಶುರುವಾಗುತ್ತದೆ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖ. ಒಂದೊಂದೂ 13-14 ದಿನ. ನಾನು ಕೆಳಗಿನ ಗೆರೆಯಲ್ಲಿ ಈ ಹೆಸರುಗಳನ್ನೇ ಬರೆಯುತ್ತೇನೆ. ತಿಂಗಳ ಕಂಬದೊಳಗೆ ಅಡಗಿ ಹೋಗುವ ಹೊಳವು (ಮಳೆ ಬಿಡುವು ಕೊಟ್ಟ ಹೊತ್ತು) ಇಲ್ಲಿ ಕಣ್ಣಿಗೆ ಬೀಳುತ್ತದೆ. ನೋಡುವವರಿಗೂ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ.

ಆ ಕಂಬಗಳ ಮೇಲೆ ಔಷಧಿ ಹೊಡೆಯುವ ದಿನಗಳನ್ನು ಕೆಂಪು ಗೆರೆಯಲ್ಲಿ ಗುರುತಿಸುತ್ತೇನೆ. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನ ಬಿಟ್ಟು. ಲೆಕ್ಕ ಹಾಕಿ ನೋಡಿ. ಎರಡನೇ ಗೆರೆ ಹೆಚ್ಚಾಗಿ ಪುನರ್ವಸು ಇಲ್ಲವೇ ಪುಷ್ಯದ ಮೇಲೆ, ಅಂದರೆ ಜೋರು ಮಳೆಯ ನಡುವೆಯೇ ಬೀಳುತ್ತದೆ. ಕರಪತ್ರದಲ್ಲಿ ‘40-45 ದಿನಗಳ ಅಂತರ’ ಎಂದು ಓದಿದಾಗ ಈ ಕಷ್ಟ ಕಾಣುವುದಿಲ್ಲ, ಅಲ್ವಾ?

ಕಂಬವೋ, ಗೆರೆಯೋ ಎಂಬ ಪ್ರಶ್ನೆಗೆ ವಿಲಿಯಂ ಪ್ಲೇಫೇರ್ ಕಥೆ ನನಗೆ ಸಹಾಯ ಮಾಡಿತು. 1786ರಲ್ಲಿ ದೇಶಗಳ ವ್ಯಾಪಾರವನ್ನು ಚಾರ್ಟ್‌ನಲ್ಲಿ ತೋರಿಸಿದವನು ಅವನು. ವರ್ಷ ವರ್ಷದ ಅಂಕಿ ಇದ್ದ ಕಡೆ ಗೆರೆ ಎಳೆದ. ಸ್ಕಾಟ್ಲೆಂಡಿಗೆ ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು, ಅಲ್ಲಿ ಕಂಬ ನಿಲ್ಲಿಸಿದ. ನಾನೂ ಸುಮಾರಾಗಿ ಹಾಗೆಯೇ ಮಾಡುತ್ತೇನೆ.

ದರದ ಚಾರ್ಟ್ ಮಾಡುವಾಗ ಒಂದು ಎಚ್ಚರ ಬೇಕು. ‘ರಾಶಿ’ ಎಂಬ ದರ್ಜೆಯ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ಇದ್ದದ್ದು 48,000 ಆಯಿತು ಅಂದುಕೊಳ್ಳಿ. ಇಳಿದದ್ದು ಶೇಕಡ 4 ಅಷ್ಟೇ. ಕಂಬಗಳನ್ನು ಸೊನ್ನೆಯಿಂದ ಶುರು ಮಾಡದೆ 47,000ದಿಂದ ಶುರು ಮಾಡಿದರೆ ಎರಡನೇ ಕಂಬ ಮೊದಲನೆಯದರ ಮೂರನೇ ಒಂದು ಭಾಗ ಆಗುತ್ತದೆ. ನೋಡಿದವರು ಹೆದರಿ ಮಾಲು ಮಾರಿಬಿಡಬಹುದು. ಫೋನಿನಲ್ಲಿ ಇಂಥ ಚಿತ್ರಗಳು ಓಡಾಡುತ್ತವೆ. ಕಂಬ ಬರೆದರೆ ಸೊನ್ನೆಯಿಂದಲೇ ಬರೆಯಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಬಣ್ಣವನ್ನು ಪೂರ್ತಿ ನಂಬುವುದೂ ಬೇಡ. ಜೆರಾಕ್ಸ್ ಆದ ಮೇಲೆ ಕೆಂಪು, ಹಸಿರು ಎರಡೂ ಬೂದು ಬಣ್ಣವೇ. ಚುಕ್ಕಿ, ಅಡ್ಡಗೆರೆ ತುಂಬಿದರೆ ಉಳಿಯುತ್ತದೆ.

ಇನ್ನು ಉಲ್ಟಾ ಕೆಲಸ. ಆಗುಂಬೆ ಕಡೆಯ ಎಷ್ಟೋ ಮನೆಗಳಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಹಿಡಿಯುವುದೇ ಕಷ್ಟ. ಫೋಟೋ ಇಳಿಯುವುದಿಲ್ಲ, ನಾಲ್ಕು ಸಾಲು ಬರಹ ತಲುಪುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಮೊಮ್ಮಕ್ಕಳು ಓದಿ ಹೇಳಲೂ ಬರಹವೇ ಬೇಕು. ಆಗ ಒಂದೊಂದೇ ಕಂಬದ ಎತ್ತರ ಬರೆಯುತ್ತಾ ಹೋದರೆ ಕೇಳುವವರ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಚಾರ್ಟ್ ನೋಡಿದ ತಕ್ಷಣ ನನ್ನ ಕಣ್ಣು ಎಲ್ಲಿಗೆ ಹೋಯಿತೋ ಅದನ್ನೇ ಮೊದಲ ಸಾಲು ಮಾಡುತ್ತೇನೆ. ಒಂದೋ ಎರಡೋ ಅಂಕಿ ಸಾಕು. ನಾನು ಬರೆಯುವುದು ಸುಮಾರು ಹೀಗಿರುತ್ತದೆ:

‘ಈ ಸಲ ಮೃಗಶಿರ ಕೈ ಕೊಟ್ಟಿತು. ಪುನರ್ವಸು, ಪುಷ್ಯ ಎರಡೇ ಸೇರಿ ಈವರೆಗಿನ ಮಳೆಯ ಅರ್ಧಕ್ಕಿಂತ ಜಾಸ್ತಿ ಸುರಿಸಿವೆ. ನಡುವೆ ಎರಡು ದಿನ ಮಾತ್ರ ಹೊಳವಿತ್ತು. ಎರಡನೇ ಔಷಧಿ ಆಗದವರು ಕೊನೆಗಾರರಿಗೆ ಈಗಲೇ ಹೇಳಿಡಿ, ಯಾಕಂದರೆ ಮುಂದಿನ ಹೊಳವು ಬಂದ ದಿನ ಎಲ್ಲರೂ ಅವರನ್ನೇ ಕರೆಯುತ್ತಾರೆ.’

ಕೊನೆಗಾರರು ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವರು. ಈ ಕೊನೆಯ ಸಾಲು ಚಾರ್ಟ್‌ನಲ್ಲಿ ಇರಲಿಲ್ಲ. ಅದನ್ನು ಸೇರಿಸುವುದು ಬರೆಯುವವರ ಜವಾಬ್ದಾರಿ.

ಬರಹ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಉಪಾಯ ಮಾಡುತ್ತೇನೆ. ಚಾರ್ಟ್ ನೋಡದ ಒಬ್ಬರಿಗೆ, ಹೆಚ್ಚಾಗಿ ಪಕ್ಕದ ಮನೆಯ ಹೈಸ್ಕೂಲು ಹುಡುಗಿಗೆ, ಅದನ್ನು ಕೊಟ್ಟು ಕಂಬಗಳನ್ನು ಬರೆದು ತೋರಿಸು ಎನ್ನುತ್ತೇನೆ. ಅಳತೆ ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ. ಎತ್ತರದ ಕಂಬ ಬೇರೆ ಕಡೆ ನಿಂತರೆ ಅಥವಾ ಹೊಳವು ಕಾಣೆಯಾದರೆ, ಆ ಸಾಲನ್ನು ಬಿಡಿಸಿ ಬರೆದು ಆಮೇಲೆ ಗುಂಪಿಗೆ ಕಳಿಸುತ್ತೇನೆ.