ಹವಳದ ಟ್ಯಾಂಕಿನ ಪಾಚಿ ಸ್ಕ್ರಬ್ಬರ್‌ಗೆ ಯಾವ ಬೆಳಕು, ಎಷ್ಟು ಬೆಳಕು

ಸೀಳು ಪೈಪಿನಿಂದ ಜಾಲರಿಯ ಮೇಲೆ ಟ್ಯಾಂಕಿನ ನೀರು ಹರಿಸಿ, ಬೆಳಕು ಕೊಟ್ಟು ಪಾಚಿ ಬೆಳೆಸಿ, ಆ ಪಾಚಿಯಿಂದ ನೀರಿನ ನೈಟ್ರೇಟ್, ಫಾಸ್ಫೇಟ್ ಹೀರಿಸುವ ಫಿಲ್ಟರೇ ಪಾಚಿ ಸ್ಕ್ರಬ್ಬರ್. ಅದಕ್ಕೆ ಎಷ್ಟು ವಾಟ್ ಬೇಕು ಎಂದು ಕೇಳುವವರು ಮೊದಲು ಹೇಳುವುದು ಟ್ಯಾಂಕ್ ಎಷ್ಟು ಲೀಟರಿನದು ಎಂಬುದನ್ನೇ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೈಟ್ರೇಟ್, ಫಾಸ್ಫೇಟ್ ಬರುವುದು ಮೀನಿಗೆ ಹಾಕುವ ಆಹಾರದಿಂದ. ಆಹಾರ ನೋಡಿ ಜಾಲರಿ, ಜಾಲರಿ ನೋಡಿ ಬೆಳಕು.

ದಿನಕ್ಕೆ ಒಂದು ಫ್ರೋಜನ್ ಕ್ಯೂಬ್ (ಹೆಪ್ಪುಗಟ್ಟಿಸಿದ ಮೀನಿನ ಆಹಾರದ ತುಂಡು) ಅಥವಾ ಸುಮಾರು 3 ಗ್ರಾಂ ಪೆಲೆಟ್ ಹಾಕುತ್ತಿದ್ದರೆ, ಎರಡೂ ಬದಿ ಬೆಳಕು ಬೀಳುವ 12 ಚದರ ಇಂಚು ಜಾಲರಿ ಸಾಕು. ಎರಡು ಕ್ಯೂಬ್ ಆದರೆ 4 ಇಂಚು ಅಗಲ, 6 ಇಂಚು ಎತ್ತರ. ಕಸೂತಿಗೆ ಬಳಸುವ ಪ್ಲಾಸ್ಟಿಕ್ ಜಾಲರಿಯನ್ನು ಗರಗಸದ ಬ್ಲೇಡಿನಿಂದ ಎರಡೂ ಕಡೆ ಚೆನ್ನಾಗಿ ಗೀರಿ ತರಿತರಿ ಮಾಡಿ, ಇಲ್ಲದಿದ್ದರೆ ಪಾಚಿ ಕಚ್ಚಿಕೊಳ್ಳದೆ ನೀರಿನ ಜೊತೆ ಜಾರಿ ಹೋಗುತ್ತದೆ. ನೀರು ಅಗಲದ ಪ್ರತಿ ಇಂಚಿಗೆ ಗಂಟೆಗೆ 130 ಲೀಟರ್, ಅಂದರೆ 4 ಇಂಚು ಅಗಲದ ಜಾಲರಿಗೆ 520. ಪಂಪಿನ ಡಬ್ಬದ ಮೇಲಿನ ಅಂಕಿ ನಂಬಬೇಡಿ. ಜಾಲರಿಯಿಂದ ಇಳಿಯುವ ನೀರಿಗೆ 10 ಲೀಟರ್ ಬಕೆಟ್ ಹಿಡಿದರೆ 70 ಸೆಕೆಂಡಿನೊಳಗೆ ತುಂಬಬೇಕು. ನೀರು ಕಡಿಮೆಯಿದ್ದಲ್ಲಿ ಬೆಳಕು ಹೆಚ್ಚಿಸಿದರೆ ಪಾಚಿ ಸುಡುತ್ತದೆ, ಅಷ್ಟೇ.

ಇನ್ನು ಬೆಳಕು. ಸಿಎಫ್‌ಎಲ್ ಆದರೆ ಚದರ ಇಂಚಿಗೆ 1 ವಾಟ್, ಎಲ್‌ಇಡಿ ಆದರೆ ಅರ್ಧ ವಾಟ್. ಎರಡೂ ಬದಿ ಸೇರಿದ ಲೆಕ್ಕ ಇದು. 24 ಚದರ ಇಂಚಿಗೆ 12 ವಾಟ್ ಎಲ್‌ಇಡಿ, ಒಂದೊಂದು ಬದಿಗೆ 6. ಇಲ್ಲಿ ವಾಟ್ ಎಂದರೆ ನಿಜವಾಗಿ ಎಳೆಯುವ ವಾಟ್. '3 ವಾಟ್' ಎಂದು ಮಾರುವ ಕೆಂಪು ಎಲ್‌ಇಡಿ 700 ಮಿಲಿಆಂಪ್‌ನಲ್ಲೂ ಒಂದೂವರೆ ವಾಟ್ ಆಸುಪಾಸಿನಲ್ಲೇ ಇರುತ್ತದೆ.

ಬೇಕಾದದ್ದು 660 ನ್ಯಾನೋಮೀಟರ್‌ನ ಕಡುಗೆಂಪು, ಜೊತೆಗೆ ಸ್ವಲ್ಪ 450ರ ರಾಯಲ್ ಬ್ಲೂ. ಹಾಸನ, ಚಿಕ್ಕಮಗಳೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಂಪು ಎಲ್‌ಇಡಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಗಣಪತಿ ಪೆಂಡಾಲಿಗೆ ಹಾಕುವ 620–630ರ ಅಲಂಕಾರದ ದೀಪ. ಅದು ಕಣ್ಣಿಗೆ ಝಗಮಗ ಎನ್ನುತ್ತದೆ, 660 ಮಂಕಾಗಿ ಕಾಣುತ್ತದೆ. ಮೊಬೈಲಿನ ಲಕ್ಸ್ ಆ್ಯಪ್ ಕೂಡ ಮನುಷ್ಯರ ಕಣ್ಣಿನ ಲೆಕ್ಕವನ್ನೇ ಹೇಳುವುದರಿಂದ ಇಲ್ಲಿ ದಾರಿ ತಪ್ಪಿಸುತ್ತದೆ. 660 ಬೇಕೆಂದರೆ ಬೆಂಗಳೂರಿನ ಎಸ್‌ಪಿ ರೋಡ್ ಅಥವಾ ಆನ್‌ಲೈನ್. ಅಷ್ಟು ತಲೆನೋವು ಬೇಡವೆಂದರೆ 2700–3000 ಕೆಲ್ವಿನ್‌ನ ವಾರ್ಮ್ ವೈಟ್ ಬಲ್ಬ್ ಎರಡು, ಬದಿಗೊಂದರಂತೆ. ಬೆಳಕು ಸುತ್ತಲೂ ಚೆಲ್ಲಿ ಹೋಗುವುದರಿಂದ ಪ್ರತಿಫಲಕ ಹಾಕಿ. ಬೆಳವಣಿಗೆ ಸ್ವಲ್ಪ ನಿಧಾನ, ಕೆಲಸ ಮಾತ್ರ ಆಗುತ್ತದೆ. ಅಂಗಡಿಯವರು ಕೇಳದೆಯೇ ಕೊಡುವ 6500ರ ಬಿಳಿ ಬಲ್ಬ್ ಬೇಡ.

24 ಚದರ ಇಂಚಿನ ಜಾಲರಿಗೆ 660ರ ಎಲ್‌ಇಡಿ ಜೋಡಣೆ ಹೀಗೆ: ಪ್ರತಿ ಬದಿಗೆ ನಾಲ್ಕು ಕೆಂಪು, ನಡುವೆ ಒಂದು ನೀಲಿ. ಎಂಟೂ ಕೆಂಪು ಒಂದೇ ಸರಣಿಯಲ್ಲಿ, ಎರಡು ನೀಲಿ ತಮ್ಮತಮ್ಮೊಳಗೆ ಸಮಾಂತರವಾಗಿ ಸೇರಿ ಆ ಸರಣಿಗೆ. 600 ಮಿಲಿಆಂಪ್ ಕೊಟ್ಟಾಗ ಕೆಂಪಿಗೆ ಪೂರ್ತಿ, ನೀಲಿಗೆ ಸುಮಾರು ಅರ್ಧ ಸಿಗುತ್ತದೆ. ನೀಲಿ ಪೂರ್ತಿ ಉರಿದರೆ ಅದರ ಎದುರಿಗೆ ಜಾಲರಿಯಲ್ಲಿ ರೂಪಾಯಿಯಗಲದ ಬೋಳು ಕಲೆ ಬೀಳುತ್ತದೆ. ಎರಡೂ ನೀಲಿ ಒಂದೇ ಬ್ಯಾಚಿನವಾಗಿರಲಿ. ಒಟ್ಟು 21–22 ವೋಲ್ಟ್ ಆಗುವುದರಿಂದ 18–30 ವೋಲ್ಟ್ ಕೊಡುವ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಎಲ್‌ಇಡಿಗೆ ಒಂದೇ ಸಮನೆ ಕರೆಂಟ್ ಕೊಡುವ ಪೆಟ್ಟಿಗೆ) ಬೇಕು. 'ಐಸೊಲೇಟೆಡ್' ಎಂದು ಬರೆದದ್ದನ್ನೇ ಕೊಳ್ಳಿ. ಅಗ್ಗದ ಡ್ರೈವರ್‌ಗಳಲ್ಲಿ ಎಲ್‌ಇಡಿ ತಂತಿಗೂ ಮನೆಯ 230 ವೋಲ್ಟ್‌ಗೂ ನೇರ ಸಂಬಂಧವಿರುತ್ತದೆ, ಉಪ್ಪುನೀರಿನ ಪಕ್ಕದಲ್ಲಿ ಅದು ಜೀವಕ್ಕೆ ಅಪಾಯ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಪ್ಲಗ್ಗಿಗೆ ಇದನ್ನು ಹಾಕಲೇಬೇಡಿ. ಎಸ್ಟೇಟ್ ಕಡೆ ಸಂಜೆ ವೋಲ್ಟೇಜ್ ಬೀಳುವುದಿದ್ದರೆ ಇನ್‌ಪುಟ್ 90–265 ವೋಲ್ಟ್ ಇರುವ ಡ್ರೈವರ್ ನೋಡಿ.

ಎಲ್‌ಇಡಿಗಳನ್ನು ಥರ್ಮಲ್ ಪೇಸ್ಟ್ ಹಚ್ಚಿ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಕೂರಿಸಿ, ಜಾಲರಿಯಿಂದ 3–4 ಇಂಚು ದೂರ ಇಡಿ. ನಡುವೆ 3 ಮಿಲಿಮೀಟರ್ ಅಕ್ರಿಲಿಕ್ ಶೀಟ್ ಇರಲಿ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ. ಆ ತೇವಕ್ಕೆ ಉಪ್ಪಿನ ತುಂತುರು ಸೇರಿದರೆ ಬೆಸುಗೆ ಹಸಿರುಗಟ್ಟಿ ತಿಂಗಳುಗಳಲ್ಲೇ ಕೈಕೊಡುತ್ತದೆ. ಬೆಸುಗೆಯ ಮೇಲೆ ಸರ್ಕ್ಯೂಟ್ ಬೋರ್ಡಿಗೆ ಬಳಿಯುವ ವಾರ್ನಿಷ್ ಹಚ್ಚಿ, ವಾರಕ್ಕೊಮ್ಮೆ ಶೀಟ್ ಒರೆಸಿ. ನೀರು ಬೀಳುವ ಸೀಳು ಪೈಪಿನ ಮೇಲೆ ಬೆಳಕು ತಾಗದಂತೆ ಕಪ್ಪು ಪಟ್ಟಿ ಸುತ್ತಿ, ಇಲ್ಲದಿದ್ದರೆ ಪಾಚಿ ಸೀಳಿನೊಳಗೇ ಬೆಳೆದು ನೀರು ಕಟ್ಟುತ್ತದೆ.

ಮೊದಲ ಎರಡು ಮೂರು ವಾರ 8–9 ಗಂಟೆ ಮಾತ್ರ ಉರಿಸಿ. ಹಸಿರು ಕಾಣಿಸಿಕೊಂಡ ಮೇಲೆ ವಾರಕ್ಕೆ ಒಂದೆರಡು ಗಂಟೆಯಂತೆ ಏರಿಸಿ, 18ಕ್ಕೆ ನಿಲ್ಲಿಸಿ. ಟ್ಯಾಂಕಿನ ದೀಪ ಆರಿದಾಗ ಸ್ಕ್ರಬ್ಬರ್ ಉರಿದರೆ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ರಾತ್ರಿ ಪಿಎಚ್ ಬೀಳುವುದನ್ನು ತಡೆಯುತ್ತದೆ. ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಷ್ಟೂ ಹಿಂದೆ ಬೀಳುತ್ತದೆ, ಆದ್ದರಿಂದ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಇನ್ವರ್ಟರ್‌ಗೆ ಹಾಕುವುದಾದರೆ ಪಂಪ್ ಹಾಕಿ, ದೀಪ ಬೇಡ. ನೀರು ನಿಂತು ದೀಪ ಮಾತ್ರ ಉರಿದರೆ ಜಾಲರಿ ಕೆಲವೇ ಗಂಟೆಗಳಲ್ಲಿ ಒಣಗಿ ಪಾಚಿ ಸಾಯುತ್ತದೆ.

ಮುಂದಿನದನ್ನು ಜಾಲರಿಯ ಬಣ್ಣವೇ ಹೇಳುತ್ತದೆ. ಶುರುವಿನ ಕಂದು ಲೋಳೆಗೆ ಹೆದರಬೇಡಿ. ಒಂದು ತಿಂಗಳಾದರೂ ಕಪ್ಪು, ಕಡುಕಂದು, ಎಣ್ಣೆಯಂಥ ಪದರವೇ ಇದ್ದರೆ ಬೆಳಕು ಸಾಲದು, ಗಂಟೆ ಹೆಚ್ಚಿಸಿ. ಹಳದಿ ಬಣ್ಣದ, ರಬ್ಬರಿನಂತೆ ಎಳೆದರೂ ಕಿತ್ತುಬಾರದ ಪಾಚಿ ಬಂದರೆ ಬೆಳಕು ಹೆಚ್ಚು ಅಥವಾ ನೀರು ಕಡಿಮೆ: ಮೊದಲು ಬಕೆಟ್ ಹಿಡಿದು ನೋಡಿ, ಆಮೇಲೆ ಗಂಟೆ ಇಳಿಸಿ. ಎಲ್‌ಇಡಿ ಎದುರಿಗೆ ಮಾತ್ರ ಬಿಳಿ ಕಲೆ, ಸುತ್ತ ಹಸಿರು ಇದ್ದರೆ ಗಂಟೆ ಮುಟ್ಟಬೇಡಿ, ದೀಪವನ್ನು ಒಂದು ಇಂಚು ಹಿಂದಕ್ಕೆ ಸರಿಸಿ. ಕೂದಲಿನಂಥ ದಟ್ಟ ಹಸಿರು ಬಂದರೆ 7–10 ದಿನಕ್ಕೊಮ್ಮೆ ಸಿಂಕಿನಲ್ಲಿ ಸಿಹಿನೀರಿನ ಕೆಳಗೆ ಕೆರೆದು ತೆಗೆಯಿರಿ, ತೆಳು ಪದರ ಉಳಿಸಿ. ತಡ ಮಾಡಿದರೆ ಬುಡದ ಪಾಚಿಗೆ ಬೆಳಕು ಸಿಗದೆ ಕೊಳೆತು, ಇಡೀ ಚಾಪೆಯೇ ಕಳಚಿ ಕೆಳಗಿನ ಫಿಲ್ಟರ್ ತೊಟ್ಟಿಗೆ (ಸಂಪ್) ಬೀಳುತ್ತದೆ, ಹೀರಿದ ಫಾಸ್ಫೇಟ್ ಮತ್ತೆ ನೀರಿಗೇ ಸೇರುತ್ತದೆ.